ಒಂದು ಬಟ್ಟೆಯ ದೂರು: ಮೆತ್ಸಾದ್ ಹಶವ್ಯಾಹುವಿನ ಬೋಕಿ

ಕೊಯ್ಲು ಮುಗಿದಿತ್ತು, ಕಾಳು ಕಣಜ ಸೇರಿತ್ತು. ಆಮೇಲೆ ಹೋಶಯಾಹು ಎಂಬುವನು ಬಂದು ಕೊಯ್ಲಿನ ಆಳೊಬ್ಬನ ಬಟ್ಟೆಯನ್ನು ತೆಗೆದುಕೊಂಡು ಹೋದ. ಆಳು ಹತ್ತಿರದ ಕೋಟೆಯ ಅಧಿಕಾರಿಗೆ ದೂರು ಸಲ್ಲಿಸಿದ. ಪ್ರಕರಣ ಇಷ್ಟೇ. ಇದು ನಡೆದು ಸುಮಾರು 2,600 ವರ್ಷಗಳಾಗಿವೆ. ದೂರು ಮಾತ್ರ ಉಳಿದಿದೆ. ಒಡೆದ ಮಡಕೆಯ ಚೂರೊಂದರ ಮೇಲೆ, ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಬೋಕಿಯ ಮೇಲೆ, ಮಸಿಯಲ್ಲಿ ಬರೆದ ಹದಿನಾಲ್ಕು ಸಾಲುಗಳಾಗಿ.

ಪ್ರಾಚೀನ ಹೀಬ್ರೂ ಶಾಸನಗಳ ಮಾತು ಬಂದಾಗಲೆಲ್ಲ ಚರ್ಚೆ ಬೇಗನೆ ರಾಜರ ಹೆಸರು, ಯುದ್ಧ, ಬೈಬಲಿನ ಸತ್ಯಾಸತ್ಯತೆಗಳ ಕಡೆಗೆ ಹೊರಳುತ್ತದೆ. ಈ ಬೋಕಿಯಲ್ಲಿ ರಾಜನಿಲ್ಲ, ಯುದ್ಧವಿಲ್ಲ, ದೇವರ ಹೆಸರೂ ಬಿಡಿಯಾಗಿ ಎಲ್ಲಿಯೂ ಬರುವುದಿಲ್ಲ. ಓದಲು ಬರೆಯಲು ಬಹುಶಃ ಬಾರದ ಒಬ್ಬ ಮನುಷ್ಯ ಬರಹವನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿದ್ದಾನೆ. ಆ ಕಾಲದ ಅಕ್ಷರಜ್ಞಾನದ ಬಗ್ಗೆ ನನಗೆ ಗೊತ್ತಿರುವ ಸಾಕ್ಷ್ಯಗಳಲ್ಲೆಲ್ಲ ಇದು ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕಾಗಿಯೇ ಈ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡುತ್ತಿದ್ದೇನೆ.

ಸಿಕ್ಕಿದ ಜಾಗ

ಇಸ್ರೇಲ್‌ನ ಮೆಡಿಟರೇನಿಯನ್ ಕರಾವಳಿಯಲ್ಲಿ ಯಾವ್ನೆ ಯಾಮ್ ಎಂಬ ಹಳೆಯ ಬಂದರಿನ ಸ್ಥಳವಿದೆ. ಅಲ್ಲಿಂದ ದಕ್ಷಿಣಕ್ಕೆ ಎರಡು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಒಂದು ಸಣ್ಣ ಕೋಟೆಯ ಅವಶೇಷ. 1960ರಲ್ಲಿ ಪುರಾತತ್ತ್ವಜ್ಞ ಯೋಸೆಫ್ ನಾವೆ ಅಲ್ಲಿ ಉತ್ಖನನ ನಡೆಸಿದಾಗ, ಕೋಟೆಯ ಬಾಗಿಲ ಬಳಿಯ ಕಾವಲು ಕೋಣೆಯಲ್ಲಿ ಈ ಬೋಕಿ ತುಂಡುತುಂಡಾಗಿ ಸಿಕ್ಕಿತು. ತುಂಡುಗಳನ್ನು ಜೋಡಿಸಿದರೆ ಎತ್ತರ ಸುಮಾರು 20 ಸೆಂಟಿಮೀಟರ್, ಅಗಲ ಹೆಚ್ಚೆಂದರೆ 16.5 ಸೆಂಟಿಮೀಟರ್. ಒಂದು ಕೈಯಲ್ಲಿ ಹಿಡಿದು ಓದಬಹುದಾದ ಗಾತ್ರ. ಅಲ್ಲಿಯೇ ಸಿಕ್ಕಿದ ಮತ್ತೊಂದು ಬರಹದಲ್ಲಿದ್ದ ಹೆಸರನ್ನು ಇಟ್ಟುಕೊಂಡು ಈ ಸ್ಥಳವನ್ನು ಮೆತ್ಸಾದ್ ಹಶವ್ಯಾಹು, ಅಂದರೆ ಹಶವ್ಯಾಹುವಿನ ಕೋಟೆ, ಎಂದು ಕರೆದರು.

ಕೋಟೆ ಬಾಳಿದ್ದು ಸ್ವಲ್ಪ ಕಾಲ, ಕ್ರಿ.ಪೂ. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ. ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದಲ್ಲಿ ಆಗ ಯೋಷೀಯನ ಆಳ್ವಿಕೆ; ಕ್ರಿ.ಪೂ. 609ರಲ್ಲಿ ಈಜಿಪ್ಟಿನ ದೊರೆ ಎರಡನೆಯ ನೆಕೋನ ಕೈಯಲ್ಲಿ ಮೆಗಿದ್ದೋ ಎಂಬಲ್ಲಿ ಅವನು ಸತ್ತ. ಕೋಟೆಯಲ್ಲಿ ಗ್ರೀಕ್ ಮಡಕೆಗಳ ಚೂರುಗಳೂ ಬಹಳ ಸಿಕ್ಕಿವೆ. ಆದ್ದರಿಂದ ಅಲ್ಲಿ ಗ್ರೀಕ್ ಕೂಲಿ ಸೈನಿಕರಿದ್ದರು ಎಂದು ಹಲವರು ಊಹಿಸಿದ್ದಾರೆ. ಕೋಟೆ ಯೋಷೀಯನದೇ, ಅಥವಾ ಈಜಿಪ್ಟಿನ ಹಿಡಿತದಲ್ಲಿತ್ತೇ ಎಂಬ ವಾದ ಇನ್ನೂ ನಡೆದಿದೆ. ನಮ್ಮ ಪ್ರಕರಣಕ್ಕೆ ಬೇಕಾದ ಸಂಗತಿ ಬೇರೆ: ಧ್ವಜ ಯಾರದೇ ಇರಲಿ, ದೂರು ಕೊಟ್ಟವನ ಭಾಷೆ ಹೀಬ್ರೂ, ಅದನ್ನು ಕೇಳಬೇಕಾದವನಿಗೂ ಆ ಭಾಷೆ ತಿಳಿಯುತ್ತಿತ್ತು.

ದೂರಿನ ಪಾಠ

ಒಡೆದ ಕಡೆಗಳಲ್ಲಿ ವಿದ್ವಾಂಸರು ಊಹಿಸಿ ತುಂಬಿದ ಮಾತುಗಳನ್ನು ಚೌಕ ಕಂಸದಲ್ಲಿಟ್ಟು, ಮೂಲದ ಉಸಿರನ್ನು ಸಾಧ್ಯವಾದಷ್ಟು ಉಳಿಸಿಕೊಂಡು, ದೂರನ್ನು ಕನ್ನಡದಲ್ಲಿ ಹೀಗೆ ಕೊಡಬಹುದು:

“ನನ್ನ ಒಡೆಯರಾದ ಅಧಿಕಾರಿಗಳು ತಮ್ಮ ಆಳಿನ ಮಾತನ್ನು ಕೇಳಬೇಕು. ತಮ್ಮ ಆಳು ಕೊಯ್ಲು ಮಾಡುವವನು. ತಮ್ಮ ಆಳು ಹತ್ಸರ್ ಅಸಾಮಿನಲ್ಲಿದ್ದ. ತಮ್ಮ ಆಳು ಕೊಯ್ದ, ಅಳೆದ, ಎಂದಿನಂತೆ ಕಣಜಕ್ಕೆ ತುಂಬಿದ, ನಿಲ್ಲಿಸುವ ಮೊದಲು. ತಮ್ಮ ಆಳು ಕೊಯ್ಲನ್ನು ಅಳೆದು ಎಂದಿನಂತೆ ಕಣಜಕ್ಕೆ ತುಂಬಿದ ಮೇಲೆ ಶೋಬಾಯಿಯ ಮಗ ಹೋಶಯಾಹು ಬಂದ, ತಮ್ಮ ಆಳಿನ ಬಟ್ಟೆಯನ್ನು ತೆಗೆದುಕೊಂಡ. ನಾನು ನನ್ನ ಕೊಯ್ಲನ್ನು ಅಳೆದು ಮುಗಿಸಿದ ಮೇಲೆ, ಇಷ್ಟು ದಿನಗಳಾದವು, ತಮ್ಮ ಆಳಿನ ಬಟ್ಟೆಯನ್ನು ತೆಗೆದುಕೊಂಡ. ನನ್ನ ಅಣ್ಣತಮ್ಮಂದಿರೆಲ್ಲರೂ ನನ್ನ ಪರವಾಗಿ ಸಾಕ್ಷಿ ಹೇಳುತ್ತಾರೆ, [ಬಿಸಿಲಿನ] ಝಳದಲ್ಲಿ ನನ್ನೊಂದಿಗೆ ಕೊಯ್ಯುತ್ತಿದ್ದವರು. ನನ್ನ ಅಣ್ಣತಮ್ಮಂದಿರು ನನ್ನ ಪರವಾಗಿ ಸಾಕ್ಷಿ ಹೇಳುತ್ತಾರೆ, ನಿಜ. ನಾನು [ತಪ್ಪು] ಮಾಡಿಲ್ಲ. [ದಯವಿಟ್ಟು ಹಿಂದಿರುಗಿಸಿ] ನನ್ನ ಬಟ್ಟೆ. ಇಲ್ಲವಾದರೂ ತಮ್ಮ ಆಳಿನ [ಬಟ್ಟೆಯನ್ನು] ಕೊಡಿಸುವುದು ಅಧಿಕಾರಿಗಳ ಕೈಯಲ್ಲಿದೆ. [ಅವನಿಗೆ] ಕರುಣೆ [ತೋರಿಸಿ, ತಮ್ಮ ಆಳಿನ ಬಟ್ಟೆಯನ್ನು ಹಿಂದಿರುಗಿಸಿ], ಸುಮ್ಮನಿರಬೇಡಿ.”

ಊರಿನ ಹೆಸರನ್ನು ನೋಡಿ. ಹತ್ಸರ್ ಎಂದರೆ ಗೋಡೆಯಿಲ್ಲದ ಸಣ್ಣ ಊರು, ಹಟ್ಟಿ. ಅಸಾಮ್ ಎಂದರೆ ಕಣಜ. ಕಣಜದ ಹಟ್ಟಿಯಲ್ಲಿ ದುಡಿಯುವ ಮನುಷ್ಯ ಅದೇ ಅ-ಸ-ಮ ಧಾತುವನ್ನು ಹಿಡಿದು ‘ಕಣಜಕ್ಕೆ ತುಂಬಿದೆ’ ಎನ್ನುತ್ತಿದ್ದಾನೆ. ಕಾಳು ಅವನದಲ್ಲ. ಅದು ಹೋಗುವುದು ಬೇರೆಯವರ ಉಗ್ರಾಣಕ್ಕೆ. ಅವನ ಪಾಲಿನದು ಇಂತಿಷ್ಟು ಕೊಯ್ದು ಅಳೆದು ಒಪ್ಪಿಸುವ ಹೊಣೆ. ಹೋಶಯಾಹು ಏಕೆ ಬಟ್ಟೆಯನ್ನು ತೆಗೆದುಕೊಂಡ ಎಂಬುದನ್ನು ದೂರು ಹೇಳುವುದಿಲ್ಲ. ಆದರೆ ‘ಅಳೆದೆ, ತುಂಬಿದೆ, ಮುಗಿಸಿದೆ’ ಎಂದು ಆಳು ಮೂರು ಮೂರು ಸಲ ಒತ್ತಿ ಹೇಳುವುದರಿಂದ ಆರೋಪ ಏನಿತ್ತೆಂದು ತಿಳಿಯುತ್ತದೆ: ನೀನು ಕೊಡಬೇಕಾದಷ್ಟು ಕೊಟ್ಟಿಲ್ಲ.

ಕಾಗುಣಿತವಿಲ್ಲದ ಬರಹ

ಮೇಲಿನ ಅನುವಾದ ನಯವಾಗಿ ಕಂಡರೆ ಅದು ಸ್ವಲ್ಪ ಮೋಸ. ಹೀಬ್ರೂ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ. ಆ ಕಾಲದ ಲಿಪಿ ಇಂದಿನ ಹೀಬ್ರೂ ಪತ್ರಿಕೆಗಳಲ್ಲಿ ಕಾಣುವ ಚೌಕಾಕಾರದ ಲಿಪಿಯಲ್ಲ. ಫಿನೀಷಿಯನ್ ಲಿಪಿಗೆ ಹತ್ತಿರವಾದ ಹಳೆಯ ರೂಪ. ಅದರಲ್ಲಿ ಬಹುಪಾಲು ವ್ಯಂಜನಗಳಷ್ಟೇ ಇರುತ್ತವೆ. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ತೆಗೆದುಹಾಕಿ ‘ಕಲ’ ಎಂದು ಎರಡೇ ಅಕ್ಷರ ಬರೆದರೆ ಅದು ಕಾಲವೋ ಕಲೆಯೋ ಕೋಲೋ ಕಾಳಗದ ಕಲಿಯೋ ಎಂದು ಸಂದರ್ಭವೇ ಹೇಳಬೇಕು. ಇಲ್ಲಿಯೂ ಹಾಗೆ.

ಐದನೆಯ ಸಾಲಿನ ಕೊನೆಯಲ್ಲಿ ಶ, ಬ ಎಂಬ ಎರಡು ಅಕ್ಷರಗಳಿವೆ, ಜಾಗ ಮುಗಿಯಿತು. ಉಳಿದ ತ ಆರನೆಯ ಸಾಲಿನ ತಲೆಯಲ್ಲಿದೆ. ಈ ಶ-ಬ-ತ ವಾರದ ವಿರಾಮದ ದಿನವಾದ ಸಬ್ಬತ್ತೇ? ಹಾಗಿದ್ದರೆ ಇದು ಬೈಬಲಿನ ಹೊರಗೆ ಸಬ್ಬತ್ತಿನ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಒಂದಾಗುತ್ತದೆ. ಅಥವಾ ಅದೇ ಧಾತುವಿನ ‘ಕೆಲಸ ನಿಲ್ಲಿಸುವುದು’ ಎಂಬ ಸಾದಾ ಅರ್ಥವೇ? ಎರಡಕ್ಕೂ ಅಕ್ಷರ ಒಂದೇ. ನಾನು ಎರಡನೆಯದನ್ನು ಆರಿಸಿಕೊಂಡಿದ್ದೇನೆ. ಆಳು ಇಲ್ಲಿ ದಿನದ ಹೆಸರು ಹೇಳುವ ಉದ್ದೇಶದಲ್ಲಿಲ್ಲ, ಕೆಲಸ ಬಿಡುವ ಮೊದಲೇ ಅಳತೆ ಮುಗಿದಿತ್ತು ಎನ್ನುವುದು ಅವನಿಗೆ ಮುಖ್ಯ. ಒಪ್ಪದವರೂ ಇದ್ದಾರೆ, ಅವರ ಓದಿಗೂ ಬಲವಿದೆ.

‘ಅಳೆದ’ ಎಂದು ನಾನು ಬರೆದ ಮಾತಿಗೂ ಇದೇ ತೊಡಕು. ಮೂಲದ ಕ್ರಿಯಾಪದವನ್ನು ‘ಅಳೆದ’ ಎಂದೂ ಓದಬಹುದು, ‘ಮುಗಿಸಿದ’ ಎಂದೂ ಓದಬಹುದು. ಇದೇ ಜೋಡಿ ಮಾತು ಇನ್ನೂ ಮುನ್ನೂರು ವರ್ಷ ಹಳೆಯದಾದ ಮತ್ತೊಂದು ಬರಹದಲ್ಲಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1908ರಲ್ಲಿ ಗೆಜೆರ್ ಎಂಬ ಪ್ರಾಚೀನ ನಗರದಲ್ಲಿ ಪುರಾತತ್ತ್ವಜ್ಞ ಮೆಕಾಲಿಸ್ಟರ್ ಅವರ ಉತ್ಖನನದಲ್ಲಿ ದೊರೆತ ಸುಣ್ಣಕಲ್ಲಿನ ಪುಟ್ಟ ಫಲಕ ಬೇಸಾಯದ ವರ್ಷವನ್ನು ತಿಂಗಳುಗಳಾಗಿ ಹೇಳುತ್ತದೆ: ಸುಗ್ಗಿ ಕೂಡಿಡುವ ಎರಡು ತಿಂಗಳು, ಬಿತ್ತನೆಯ ಎರಡು ತಿಂಗಳು, ಹಿಂಗಾರು ಬಿತ್ತನೆಯ ಎರಡು ತಿಂಗಳು, ಅಗಸೆ ಕೀಳುವ ತಿಂಗಳು, ಜವೆ ಕೊಯ್ಯುವ ತಿಂಗಳು, ಆಮೇಲೆ ‘ಕೊಯ್ದು ಅಳೆಯುವ’ ತಿಂಗಳು. ಅಲ್ಲಿಯೂ ‘ಅಳೆಯುವ’ ಎಂದೋ ‘ಮುಗಿಸುವ’ ಎಂದೋ ಎಂಬ ಅದೇ ಜಗಳ. ರೈತಾಪಿ ವರ್ಷದಲ್ಲಿ ಕೊಯ್ಲಿನ ಬೆನ್ನಿಗೇ ಅಳತೆ ಬರುತ್ತಿತ್ತು, ಅಳತೆಯ ಹೊತ್ತಿನಲ್ಲಿ ಒಡೆಯನ ಕಡೆಯವರು ಕಣದ ಬಳಿ ಬಂದು ನಿಲ್ಲುತ್ತಿದ್ದರು. ಹೋಶಯಾಹು ಬಂದದ್ದೂ ಆ ಹೊತ್ತಿನಲ್ಲಿಯೇ.

ಬಟ್ಟೆ ಎಂದರೆ ಏನು

ಬಡವನ ಮೇಲುಹೊದಿಕೆ ಹಗಲು ಉಡುಪು, ರಾತ್ರಿ ಹಾಸಿಗೆ. ಬೈಬಲಿನ ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಇದರ ಬಗ್ಗೆಯೇ ಒಂದು ಕಟ್ಟಳೆ ಇದೆ: ನೆರೆಯವನ ಹೊದಿಕೆಯನ್ನು ಒತ್ತೆಯಾಗಿ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ಹಿಂದಕ್ಕೆ ಕೊಡಬೇಕು, ಅವನಿಗೆ ಇರುವ ಹೊದಿಕೆ ಅದೊಂದೇ, ಇನ್ನೇನನ್ನು ಹೊದ್ದು ಮಲಗಿಯಾನು? ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ಪ್ರವಾದಿ ಆಮೋಸನಂತೂ ಒತ್ತೆ ಬಟ್ಟೆಗಳನ್ನು ಹಾಸಿಕೊಂಡು ಬಲಿಪೀಠಗಳ ಪಕ್ಕದಲ್ಲಿ ಮಲಗುವ ಉಳ್ಳವರನ್ನು ಬೈದಿದ್ದಾನೆ. ನಮ್ಮ ಆಳಿನ ಬಟ್ಟೆ ಹೋಗಿ ದಿನಗಳೇ ಆಗಿದ್ದವು.

ಆದರೆ ಅವನು ಕಟ್ಟಳೆಯನ್ನು ಉದ್ಧರಿಸುವುದಿಲ್ಲ. ‘ಧರ್ಮಶಾಸ್ತ್ರ ಹೀಗೆ ಹೇಳುತ್ತದೆ’ ಎಂಬ ಮಾತೇ ಇಲ್ಲ. ಅವನು ನಂಬಿದ್ದು ಎರಡನ್ನು: ಜೊತೆಗೆ ದುಡಿದವರ ಸಾಕ್ಷಿ, ಅಧಿಕಾರಿಯ ಕರುಣೆ. ಇದರಿಂದ ಆ ಕಟ್ಟಳೆ ಆಗ ಬರಹದಲ್ಲಿ ಇರಲಿಲ್ಲ ಎಂದು ಹೇಳಲಾಗದು. ಇತ್ತು, ಅವನಿಗೆ ಗೊತ್ತಿತ್ತು ಎಂದೂ ಹೇಳಲಾಗದು. ಇಷ್ಟು ಮಾತ್ರ ಹೇಳಬಹುದು: ಬಡವನ ಬಟ್ಟೆಯನ್ನು ಇಟ್ಟುಕೊಳ್ಳುವುದು ತಪ್ಪು ಎಂಬ ಭಾವನೆ ಕೇಳುವವನಲ್ಲಿಯೂ ಇದೆ ಎಂದು ಹೇಳುವವನಿಗೆ ಭರವಸೆ ಇತ್ತು. ಆ ಭರವಸೆ ಇಲ್ಲದವನು ಬಿಸಿಲಿನಲ್ಲಿ ಕೋಟೆಯ ಬಾಗಿಲಿಗೆ ನಡೆದುಹೋಗುವುದಿಲ್ಲ.

ಯಾರು ಬರೆದದ್ದು?

ಅಕ್ಷರಗಳು ಪಳಗಿದ ಕೈಯವು. ಬರೆದವನು ಕಲಿತವನು ಎಂಬುದರಲ್ಲಿ ಸಂಶಯವಿಲ್ಲ. ವಾಕ್ಯಗಳು ಮಾತ್ರ ಬೇರೆ ಕತೆ ಹೇಳುತ್ತವೆ.

ಮೊದಲ ವಾಕ್ಯ ಅಚ್ಚುಕಟ್ಟಾಗಿದೆ. ‘ಒಡೆಯರು ತಮ್ಮ ಆಳಿನ ಮಾತನ್ನು ಕೇಳಬೇಕು’ ಎಂಬುದು ಆ ಕಾಲದ ಸಿದ್ಧ ಒಕ್ಕಣೆ. ಬೈಬಲಿನ ಸಮುವೇಲನ ಮೊದಲ ಗ್ರಂಥದ 26ನೆಯ ಅಧ್ಯಾಯದಲ್ಲಿ ದಾವೀದನು ಸೌಲನ ಮುಂದೆ ಹೆಚ್ಚುಕಡಿಮೆ ಇದೇ ಮಾತಿನಿಂದ ತನ್ನ ಅಹವಾಲನ್ನು ಶುರುಮಾಡುತ್ತಾನೆ. ಅಧಿಕಾರಿಯ ಜಾಗದಲ್ಲಿ ಅರಸ, ಅಷ್ಟೇ ವ್ಯತ್ಯಾಸ. ಒಕ್ಕಣೆ ಮುಗಿದ ಕೂಡಲೇ ದೂರು ತನ್ನ ದಾರಿ ಹಿಡಿಯುತ್ತದೆ. ಹೇಳಿದ್ದನ್ನೇ ಹೇಳುತ್ತದೆ. ಕೊಯ್ದದ್ದು, ಅಳೆದದ್ದು, ಬಟ್ಟೆ ಹೋದದ್ದು, ಮತ್ತೆ ಕೊಯ್ಲು ಮುಗಿದದ್ದು, ಮತ್ತೆ ಬಟ್ಟೆ ಹೋದದ್ದು. ‘ಅಣ್ಣತಮ್ಮಂದಿರು ಸಾಕ್ಷಿ ಹೇಳುತ್ತಾರೆ’ ಎಂಬುದು ಎರಡು ಸಲ. ಬಟ್ಟೆ ಎಂಬ ಅರ್ಥದ ‘ಬೆಗೆದ್’ ಪಾಠ ಸ್ಪಷ್ಟವಿರುವ ಕಡೆಗಳಲ್ಲಿಯೇ ಮೂರು ಸಲ ಬರುತ್ತದೆ. ಲಿಪಿಕಾರ ತಾನೇ ಕೂತು ರಚಿಸಿದ್ದರೆ ಇಷ್ಟು ಪುನರುಕ್ತಿ ಇರುತ್ತಿರಲಿಲ್ಲ. ಉದ್ವೇಗದಲ್ಲಿರುವ ಮನುಷ್ಯ ಎದುರು ನಿಂತು ಹೇಳುತ್ತ ಹೋದದ್ದು, ಲಿಪಿಕಾರ ಬರೆಯುತ್ತ ಹೋದದ್ದು ಎಂದು ಬಹಳ ಮಂದಿ ವಿದ್ವಾಂಸರು ಒಪ್ಪುತ್ತಾರೆ.

ಎಂಟನೆಯ ಸಾಲಿನಲ್ಲಿ ಒಂದು ಸಣ್ಣ ಜಾರುವಿಕೆ ಇದೆ. ಅಲ್ಲಿಯವರೆಗೂ ‘ತಮ್ಮ ಆಳು ಕೊಯ್ದ’, ‘ತಮ್ಮ ಆಳು ತುಂಬಿದ’ ಎಂದು ತನ್ನನ್ನೇ ಮೂರನೆಯವನಂತೆ ಹೇಳಿಕೊಳ್ಳುತ್ತಿದ್ದವನು ಬಟ್ಟೆಯ ಮಾತು ಬಂದ ತಕ್ಷಣ ‘ನಾನು ನನ್ನ ಕೊಯ್ಲನ್ನು’ ಎನ್ನುತ್ತಾನೆ. ಮರ್ಯಾದೆಯ ಭಾಷೆ ಅಲ್ಲಿ ಕಳಚಿಕೊಳ್ಳುತ್ತದೆ. ಮುಂದೆ ‘ನನ್ನ ಅಣ್ಣತಮ್ಮಂದಿರು’, ‘ನಾನು ತಪ್ಪು ಮಾಡಿಲ್ಲ’. ಬೈಬಲಿನ ಸಂಭಾಷಣೆಗಳಲ್ಲಿಯೂ ಇಂಥ ಪಲ್ಲಟ ಉಂಟು, ಆದ್ದರಿಂದ ಇದು ಉಕ್ತಲೇಖನಕ್ಕೆ ಪೂರ್ಣ ಪುರಾವೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಪಲ್ಲಟ ಆಗುವ ಜಾಗ ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎನಿಸುತ್ತದೆ. ದೂರಿನಲ್ಲಿ ಆರೋಪಿಗೆ ಅಪ್ಪನ ಹೆಸರಿನ ಸಮೇತ ಹೆಸರಿದೆ. ದೂರುದಾರನಿಗೆ ಹೆಸರೇ ಇಲ್ಲ. ಪತ್ರಗಳ ತಲೆಯಲ್ಲಿ ಬರುವ ‘ಯೆಹೋವನು ನನ್ನ ಒಡೆಯರಿಗೆ ಕ್ಷೇಮದ ಸುದ್ದಿ ಕೇಳಿಸಲಿ’ ಎಂಬಂಥ ಹಾರೈಕೆಯೂ ಇಲ್ಲ. ದೂರದಿಂದ ಬರೆದು ಕಳಿಸಿದ ಪತ್ರವಾದರೆ ಬರೆಸಿದವನ ಹೆಸರಿಲ್ಲದೆ ನಡೆಯುವುದಿಲ್ಲ. ದೂರುದಾರ ಬಾಗಿಲಲ್ಲೇ ನಿಂತಿದ್ದರೆ ನಡೆಯುತ್ತದೆ. ಬೋಕಿ ಸಿಕ್ಕಿದ್ದು ಬಾಗಿಲ ಪಕ್ಕದ ಕಾವಲು ಕೋಣೆಯಲ್ಲಿ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಆ ನಾಡಿನಲ್ಲಿ ಊರಬಾಗಿಲೇ ನ್ಯಾಯ ಕೇಳುವ ಜಾಗ. ಬೈಬಲಿನ ಕತೆಗಳಲ್ಲಿ ಬೋವಜನು ವಿಧವೆ ರೂತಳ ವಿಷಯ ಇತ್ಯರ್ಥ ಮಾಡಿದ್ದು ಬಾಗಿಲಲ್ಲಿ, ದಾವೀದನ ಮಗ ಅಬ್ಷಾಲೋಮನು ವ್ಯಾಜ್ಯ ಹೊತ್ತು ಬಂದವರನ್ನು ತಡೆದು ಮಾತಾಡಿಸುತ್ತಿದ್ದದ್ದು ಬಾಗಿಲ ದಾರಿಯಲ್ಲಿ. ನನ್ನ ಊಹೆ ಇಷ್ಟು: ಅಧಿಕಾರಿ ಒಳಗಿದ್ದ ಅಥವಾ ಇರಲಿಲ್ಲ, ಕಾವಲಿನ ಬಳಿಯಿದ್ದ ಬರೆಯಬಲ್ಲವನೊಬ್ಬ ಕಾಲ ಬಳಿ ಬಿದ್ದಿದ್ದ ಬೋಕಿಯನ್ನು ಎತ್ತಿಕೊಂಡು ಅಹವಾಲನ್ನು ಬರೆದುಕೊಂಡ. ಜೊಂಡಿನಿಂದ ಮಾಡಿದ ಬರೆಯುವ ಹಾಳೆಯಾದ ಪಪೈರಸ್ ದುಡ್ಡಿನ ಬಾಬು. ಮಡಕೆ ಚೂರಿಗೆ ಬೆಲೆಯಿಲ್ಲ.

ಓದಬಲ್ಲ ಹೋಶಯಾಹು

ಅಕ್ಷರಜ್ಞಾನ ಎಷ್ಟು ಹರಡಿತ್ತು ಎಂಬ ಪ್ರಶ್ನೆಗೆ ಈ ಬೋಕಿಯನ್ನು ಒಂಟಿಯಾಗಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದದ್ದಕ್ಕೆ ಎರಡು ನೆರೆಯ ಸಾಕ್ಷ್ಯಗಳು ಬೇಕು.

1935ರಲ್ಲಿ ಜೇಮ್ಸ್ ಲೆಸ್ಲಿ ಸ್ಟಾರ್ಕಿ ಲಾಕೀಷ್ ನಗರದ ಬಾಗಿಲ ಪಕ್ಕದ ಕೋಣೆಯಲ್ಲಿ ಹದಿನೆಂಟು ಬರಹದ ಬೋಕಿಗಳನ್ನು ಪತ್ತೆಮಾಡಿದರು, ಬಾಬಿಲೋನಿಯರು ಸುಟ್ಟ ಪದರದಲ್ಲಿ. ನಮ್ಮ ದೂರಿಗಿಂತ ಕೆಲವು ದಶಕ ಈಚಿನವು. ಮೂರನೆಯ ಪತ್ರವನ್ನು ಬರೆದವನ ಹೆಸರೂ ಹೋಶಯಾಹು, ಆದರೆ ಇವನು ಬೇರೆ ಮನುಷ್ಯ, ಒಬ್ಬ ಕೆಳ ಹಂತದ ಸೇನಾಧಿಕಾರಿ. ಮೇಲಧಿಕಾರಿ ಯಾವುಷ್ ‘ನಿನಗೆ ಪತ್ರ ಓದಲು ಬಾರದು’ ಎಂಬರ್ಥದ ಮಾತು ಆಡಿಬಿಟ್ಟಿದ್ದಾನೆ. ಅಂದಿನಿಂದ ಇವನ ಎದೆ ಕುದಿಯುತ್ತಿದೆ. ಯೆಹೋವನ ಆಣೆಯಾಗಿಯೂ ನನಗೆ ಯಾರೂ ಎಂದೂ ಪತ್ರ ಓದಿ ಹೇಳಿದ್ದಿಲ್ಲ, ನನಗೆ ಬಂದ ಯಾವ ಪತ್ರವನ್ನೇ ಆಗಲಿ ನಾನು ಓದಿದರೆ ಅದರ ಪ್ರತಿಯೊಂದು ಮಾತನ್ನೂ ಮತ್ತೆ ಹೇಳಬಲ್ಲೆ ಎಂದು ಬರೆಯುತ್ತಾನೆ. ಓದು ಬಾರದು ಎಂದರೆ ಅವಮಾನವಾಗುವ ಮಟ್ಟಕ್ಕೆ ಸೈನ್ಯದೊಳಗೆ ಅಕ್ಷರ ಇಳಿದಿತ್ತು. ಹಾಗೆಂದು ಎಲ್ಲರಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಬರುತ್ತಿದ್ದರೆ ಆ ಚುಚ್ಚುಮಾತಿಗೆ ಅರ್ಥವೇ ಇರುತ್ತಿರಲಿಲ್ಲ.

ಇನ್ನೊಂದು ಸಾಕ್ಷ್ಯ ನೆಗೆವ್ ಮರುಭೂಮಿಯ ಅಂಚಿನ ಅರಾದ್ ಕೋಟೆಯದು. 1960ರ ದಶಕದಲ್ಲಿ ಯೋಹಾನಾನ್ ಅಹರೋನಿ ಅಲ್ಲಿ ಅಗೆದಾಗ ಎಲ್ಯಾಶೀಬ್ ಎಂಬ ಉಗ್ರಾಣದ ಅಧಿಕಾರಿಯ ಕಾಗದಪತ್ರ, ಅಂದರೆ ಬೋಕಿಪತ್ರ, ದೊರೆಯಿತು. ಕಿತ್ತೀಮರಿಗೆ ಇಷ್ಟು ದ್ರಾಕ್ಷಾರಸ ಕೊಡು, ರೊಟ್ಟಿಗೆ ಇಷ್ಟು ಹಿಟ್ಟು ಕಳಿಸು, ದಿನವನ್ನು ಬರೆದಿಡು: ಇಂಥ ಆದೇಶಗಳು. ಕಿತ್ತೀಮರೆಂದರೆ ಬಹುಶಃ ಗ್ರೀಕ್ ಮೂಲದ ಕೂಲಿ ಸೈನಿಕರು. 2016ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ತಂಡ ಅರಾದಿನ ಹದಿನಾರು ಬರಹಗಳ ಅಕ್ಷರಗಳನ್ನು ಕಂಪ್ಯೂಟರಿನಿಂದ ಹೋಲಿಸಿ, ಕನಿಷ್ಠ ಆರು ಬೇರೆ ಬೇರೆ ಕೈಗಳಿವೆ ಎಂದಿತು. 2020ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೈಬರಹ ಪರೀಕ್ಷೆ ಮಾಡಿ ಅನುಭವವಿದ್ದ ತಜ್ಞೆಯೊಬ್ಬರೂ ಸೇರಿ ಹದಿನೆಂಟು ಬರಹಗಳನ್ನು ನೋಡಿದಾಗ ಸಂಖ್ಯೆ ಹನ್ನೆರಡಕ್ಕೆ ಏರಿತು. ಕೆಲವು ಪತ್ರಗಳು ಹೊರಗಿನಿಂದ ಬಂದವು, ಕೆಲವು ಅಲ್ಲಿಯೇ ಬರೆದವು. ಹಾಗಿದ್ದರೂ ಕೆಲವೇ ಡಜನ್ ಮಂದಿಯ ಗಡಿಕೋಟೆಯೊಂದರ ಸುತ್ತ ಇಷ್ಟು ಕೈಗಳು ಲೇಖನಿ ಹಿಡಿಯುತ್ತಿದ್ದವು ಎಂಬುದು ಸಣ್ಣ ಮಾತಲ್ಲ.

ಈ ಎರಡೂ ಸಾಕ್ಷ್ಯಗಳು ಬರೆಯಬಲ್ಲವರ ಲೆಕ್ಕ ಕೊಡುತ್ತವೆ. ಮೆತ್ಸಾದ್ ಹಶವ್ಯಾಹು ಬರೆಯಲಾರದವನ ಲೆಕ್ಕ ಕೊಡುತ್ತದೆ, ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಅಲ್ಲಿ. ಸೇನೆಗೂ ಉಗ್ರಾಣಕ್ಕೂ ಬೇಕೆಂದು ಕಲಿಸಿದ ಅಕ್ಷರ ಕೋಟೆಯ ಬಾಗಿಲಿಗೆ ಬಂದು ನಿಂತಿತ್ತು. ಹೊಲದಿಂದ ಬಂದವನಿಗೆ ತನ್ನ ಮಾತು ಬರಹವಾದರೆ ತೂಕ ಬರುತ್ತದೆ ಎಂದು ತಿಳಿದಿತ್ತು. ಅದೇ ಅಕ್ಷರ ಹೋಶಯಾಹುವಿನ ಕಡೆಯ ಲೆಕ್ಕದಲ್ಲಿಯೂ ಇದ್ದಿರಬೇಕು, ಯಾರು ಎಷ್ಟು ಅಳೆದರು, ಎಷ್ಟು ಬಾಕಿ ಎಂಬ ಪಟ್ಟಿಯಾಗಿ. ಆ ಪಟ್ಟಿಗೆ ಎದುರಾಗಿ ಆಳು ಇಟ್ಟದ್ದು ಈ ಹದಿನಾಲ್ಕು ಸಾಲು. ಅಕ್ಷರಸ್ಥರು ಶೇಕಡಾ ಎಷ್ಟು ಎಂಬ ಒಂದೇ ಪ್ರಶ್ನೆಗೆ ಜೋತುಬಿದ್ದರೆ ಈ ಮನುಷ್ಯ ಶೂನ್ಯದ ಪಾಲಾಗುತ್ತಾನೆ, ಬರಹದ ಚರಿತ್ರೆಯಲ್ಲಿ ಅವನಿಗೆ ಜಾಗವೇ ಇರುವುದಿಲ್ಲ. ಅದು ಅನ್ಯಾಯ.

ತೀರ್ಪು ಏನಾಯಿತು ಎಂಬುದಕ್ಕೆ ಬೋಕಿ ಇಲ್ಲ. ಕೋಟೆ ಬೇಗನೆ ಪಾಳುಬಿತ್ತು. ದೂರು ಕಾವಲು ಕೋಣೆಯಲ್ಲೇ ಉಳಿಯಿತು. ಹನ್ನೆರಡನೆಯ ಸಾಲಿನ ಆರಂಭದ ಜಾಗ ಒಡೆದುಹೋಗಿದೆ. ‘ದಯವಿಟ್ಟು ಹಿಂದಿರುಗಿಸಿ’ ಎಂಬುದು ನಮ್ಮ ಕಾಲದವರು ಅಲ್ಲಿ ತುಂಬಿಕೊಂಡ ಮಾತು. ಅದರ ಪಕ್ಕದಲ್ಲಿ ನಾಲ್ಕು ಅಕ್ಷರ ಉಳಿದಿವೆ. ಎಂಟನೆಯ ಸಾಲಿನಲ್ಲಿ ‘ತಮ್ಮ ಆಳಿನ ಬಟ್ಟೆ’, ಒಂಬತ್ತನೆಯ ಸಾಲಿನಲ್ಲಿಯೂ ‘ತಮ್ಮ ಆಳಿನ ಬಟ್ಟೆ’ ಎಂದಿದ್ದದ್ದು ಇಲ್ಲಿ ಬದಲಾಗಿದೆ. ಬಿಗ್ದಿ: ನನ್ನ ಬಟ್ಟೆ.